ಮುಖವಿಲ್ಲದ ಗ್ರೂಪ್ ಫೋಟೋಗಳು

ಕೈಯಲ್ಲಿರುವ ಚಹಾ ಆರಿದರೂ ಪರವಾಗಿಲ್ಲ, ಇದನ್ನೊಂದು ಓದಿಬಿಡಿ...

ಉತ್ತರ ಕರ್ನಾಟಕದ ಒಂದು ವಿಶ್ವವಿದ್ಯಾಲಯ. ಅಲ್ಲಿ ಹುಡುಗಿಯರ ಸಾಫ್ಟ್‌ಬಾಲ್ ತಂಡವೊಂದಿದೆ.

ಸಾಫ್ಟ್‌ಬಾಲ್ ಗೊತ್ತಲ್ಲ? ಒಂದು ಕೈಗೆ ದೊಡ್ಡ ಚರ್ಮದ ಗ್ಲೌಸ್ ಹಾಕಿಕೊಂಡು ಆಡುವ ಆಟ. ಗೊತ್ತಿಲ್ಲದಿದ್ದರೂ ನಾಚಿಕೊಳ್ಳಬೇಡಿ, ನಮ್ಮಲ್ಲಿ ಕ್ರಿಕೆಟ್ ಬಿಟ್ಟರೆ ಬೇರೆ ಆಟಕ್ಕೆ ಕಣ್ಣೆತ್ತಿ ನೋಡುವವರು ಯಾರಿದ್ದಾರೆ...

ಆ ತಂಡದ ಇತಿಹಾಸವೆಲ್ಲ ಕ್ರೀಡಾ ವಿಭಾಗದ ಜಿಮಖಾನಾ ಕೋಣೆಯ ಗೋಡೆಯ ಮೇಲಿದೆ. ವರ್ಷಕ್ಕೊಂದು ಗ್ರೂಪ್ ಫೋಟೋ, ಸಾಲಾಗಿ.

ಆದರೆ ಮೊನ್ನೆಮೊನ್ನೆಯವರೆಗೆ ಒಂದರಲ್ಲೂ ಒಂದು ಮುಖ ಇರಲಿಲ್ಲ!

ಎಲ್ಲ ಹುಡುಗಿಯರೂ ಗ್ಲೌಸನ್ನು ಮುಖಕ್ಕೆ ಅಡ್ಡ ಹಿಡಿದು ನಿಂತಿದ್ದರು. ಮೊದಲ ತಂಡದಿಂದಲೂ ಅದೇ ಪದ್ಧತಿ. ಯಾಕೆ ಎಂದು ಕೇಳಿದರೆ ಸೀನಿಯರ್‌ಗಳು ಹೇಳುತ್ತಿದ್ದದ್ದು ಒಂದೇ ಮಾತು... "ಲಕ್ಕಿಗೆ."

ಈ ಪದ್ಧತಿಯಿಂದ ಎಲ್ಲರಿಗಿಂತ ಹೆಚ್ಚು ನೆಮ್ಮದಿಯಾಗಿದ್ದವಳು ಶಿವಲೀಲಾ. ಎಂ.ಎಸ್ಸಿ. ಓದುವ ಹುಡುಗಿ, ತಂಡದ ಪಿಚರ್, ಅಂದರೆ ಚೆಂಡು ಎಸೆಯುವವಳು.

ರಾಮದುರ್ಗದಲ್ಲಿ ಹಿಟ್ಟಿನ ಗಿರಣಿ ನಡೆಸುವ ಅವಳ ಅಪ್ಪ ಹಾಸ್ಟೆಲ್ಲಿಗೆ ಬಿಡುವಾಗಲೇ ಹೇಳಿದ್ದರು. "ಓದೂದು ಅಷ್ಟ. ಆಟಾ-ಗೀಟಾ ಅಂತ ಕಿವಿಗೆ ಬಿತ್ತೋ, ಅವತ್ತ ಟ್ರಂಕ್ ಕಟ್ಟಿಸಿಕೊಂಡು ಮನಿಗೆ ಕರಕೊಂಡು ಬರ್ತೀನಿ."

ಅಪ್ಪ ಹೇಳಿದರೆ ಹೇಳಿದ ಹಾಗೆ. ಅದಕ್ಕೇ ಅವಳು ದಿನಾ ಸಂಜೆ ಫೋನಿನಲ್ಲಿ ಸುಳ್ಳು ಹೇಳುತ್ತಿದ್ದಳು... "ಲೈಬ್ರರಿಯಾಗ ಇದ್ದೆನಪಾ."

ಆ ವರ್ಷ ತಂಡ ಮೊಟ್ಟಮೊದಲ ಬಾರಿಗೆ ಅಂತರ್ ವಿಶ್ವವಿದ್ಯಾಲಯ ಕಪ್ ಗೆದ್ದಿತು. ಸನ್ಮಾನ ಎಂದು ಹಳೆಯ ಆಟಗಾರ್ತಿಯರನ್ನೂ ಕರೆಸಿದ್ದರು.

ಪತ್ರಿಕೆಯ ಫೋಟೋಗ್ರಾಫರ್ ಬಂದ. ಹುಡುಗಿಯರು ಎಂದಿನಂತೆ ಗ್ಲೌಸ್ ಎತ್ತಿದರು.

"ಅದನ್ನ ಇಳಸ್ರಿ ಅಕ್ಕಾರ... ನಾಳೆ ಪೇಪರಿನ್ಯಾಗ ಗ್ಲೌಸ್ ಹಾಕೂಣೇನು, ಮುಖಾ ಹಾಕೂಣೇನು?"

ಕೋಚ್ ಬಿರಾದಾರ ಸರ್ ಕೂಡ ಹೂಂ ಎಂದರು.

ಶಿವಲೀಲಾಳಿಗೆ ಅಪ್ಪ ನೆನಪಾದರು. ಗಿರಣಿಗೆ ಬರುವುದೂ ಅದೇ ಪೇಪರ್! ಜೋಳ ತಂದವರೆಲ್ಲ ಪಾಳಿ ಬರುವವರೆಗೆ ಅದನ್ನೇ ತಿರುವಿ ಹಾಕುತ್ತಾರೆ...

"ಸರ್, ನಾ ಹಿಂದ ನಿಂದರ್ತೀನಿ."

"ಮ್ಯಾಚ್ ಗೆಲ್ಲಿಸಿದಾಕಿ ನೀನ. ಹಿಂದ ಹೆಂಗ ನಿಂದರ್ತಿ? ಮುಂದ ಬಾ."

ನೀರು ಕುಡಿದು ಬರುತ್ತೇನೆ ಎಂದು ಜಿಮಖಾನಾ ಕೋಣೆಯೊಳಗೆ ನುಗ್ಗಿದಳು. ಕೋಣೆಗೆ ಹಿಂದಿನ ಬಾಗಿಲೂ ಇತ್ತು. ಅಲ್ಲಿಂದ ಜಾರಿಕೊಂಡರೆ ಆಯಿತು...

ಅಷ್ಟರಲ್ಲಿ ಕಣ್ಣಿಗೆ ಬಿದ್ದರು ಒಬ್ಬ ಅಜ್ಜಿ. ಮೊದಲ ತಂಡದ ಫೋಟೋದ ಗಾಜಿನ ಮೇಲೆ ಬೆರಳಾಡಿಸುತ್ತ ನಿಂತಿದ್ದರು.

"ಏನ್ ಹುಡುಕಾಕತ್ತೀರಿ ಅಮ್ಮಾ?"

"ನನ್ನ," ಎಂದರು ಅಜ್ಜಿ.

ಅವರು ಇಂದುಮತಿ. ಗದಗದಲ್ಲಿ ಟೀಚರ್ ಆಗಿ ನಿವೃತ್ತರಾದವರು, ಮೊದಲ ತಂಡದಲ್ಲಿ ಆಡಿದವರು.

"ಲಕ್ಕಿಗೆ ಅಂತ ಹಿಂಗ ಗ್ಲೌಸ್ ಹಿಡಿದಿದ್ರೇನ್ರಿ?"

ಅಜ್ಜಿ ನಕ್ಕರು. "ಎಲ್ಲೀ ಲಕ್ ಬಿಡವಾ... ಅಂಜಿಕಿ. ಅವತ್ತೂ ಪೇಪರ್‌ನವ ಬಂದಿದ್ದ. ನಾವು ಆಡೂದು ಯಾರ ಮನ್ಯಾಗೂ ಗೊತ್ತಿರಲಿಲ್ಲ. ಒಬ್ಬಾಕಿ ಮುಖಾ ಮುಚ್ಚಿಕೊಂಡ್ಲು... ನೋಡಿ ಎಲ್ಲಾರೂ ಮುಚ್ಚಿಕೊಂಡ್ವಿ."

ಶಿವಲೀಲಾ ಹತ್ತಿರ ಬಂದಳು. "ಆಮ್ಯಾಲ... ಮನ್ಯಾಗ ಗೊತ್ತಾತೇನ್ರಿ?"

"ಇಲ್ಲ. ಬಚಾವಾದೆ. ಡಿಗ್ರಿ ಮುಗೀತು, ಮದುವಿ ಆತು. ನಮ್ಮಪ್ಪ ತೀರಿಕೊಂಡ್ರು. ಮಗಳು ಚೆಂಡು ಹೊಡದ್ರ ಮೈದಾನ ದಾಟತಿತ್ತು ಅನ್ನೂದು ಅವರಿಗೆ ಗೊತ್ತಾಗಲೇ ಇಲ್ಲ."

ಅಜ್ಜಿಯ ಬೆರಳು ಮತ್ತೆ ಗಾಜಿನ ಮೇಲೆ ಹರಿದಾಡಿತು.

"ಮೊಮ್ಮಗಳು ನಂಬೂದಿಲ್ಲವಾ, ನಾ ಆಡತಿದ್ದೆ ಅಂದ್ರ. ಫೋನಿನ್ಯಾಗ ಇದರ ಫೋಟೋ ಹೊಡಕೊಂಡು ಹೋಗಿ ತೋರಸೂಣು ಅಂತ ಬಂದೆ. ಈಗ ನೋಡಿದ್ರ... ಎಲ್ಲಾರದೂ ಎರಡು ಜಡಿ, ಎಲ್ಲಾರೂ ಒಂದ ಎತ್ತರ. ಇದರಾಗ ನಾ ಯಾರು ಅಂತ ನನಗ ಗೊತ್ತಾಗವಲ್ದು."

ಹಾಗೆಂದವರೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತುಬಿಟ್ಟರು...

ಹೊರಗಿನಿಂದ ಕೋಚ್ ಕೂಗಿದರು. "ಶಿವಲೀಲಾ... ಎಲ್ಲಿ ಹೋದೀವಾ?"

ಹಿಂದಿನ ಬಾಗಿಲು ತೆರೆದೇ ಇತ್ತು. ಅವಳು ಹೋಗಲಿಲ್ಲ. ಅಪ್ಪನಿಗೆ ಫೋನ್ ಮಾಡಿದಳು.

ಆ ಕಡೆ ಗಿರಣಿಯ ಸದ್ದು.

"ಅಪ್ಪಾ... ನಾ ಸುಳ್ಳ ಹೇಳೀನಿ. ಸಂಜಿಗೆ ಲೈಬ್ರರಿಗೆ ಹೋಗ್ತಿರಲಿಲ್ಲ. ಸಾಫ್ಟ್‌ಬಾಲ್ ಆಡ್ತೀನಿ. ಗೆದ್ದೀವಿ. ನಾಳೆ ಪೇಪರಿನ್ಯಾಗ ನನ್ನ ಫೋಟೋ ಬರತೈತಿ. ಮಂದಿ ಹೇಳೂಕಿಂತ ಮೊದಲ ನಾನ ಹೇಳಾಕತ್ತೀನಿ."

ಗಿರಣಿಯ ಸದ್ದು ನಿಂತಿತು. ಅಪ್ಪ ಮಷಿನ್ ಬಂದ್ ಮಾಡಿದ್ದರು...

"ಸುಳ್ಳ ಯಾಕ ಹೇಳಿದಿ?"

"ಅಂಜಿಕಿ ಬಂದಿತ್ತಪಾ."

"ಯಾರ ಅಂಜಿಕಿ?"

ಹೇಳಿಯೇಬಿಟ್ಟಳು... "ನಿಮ್ಮದ."

ಫೋನ್ ಕಟ್ಟಾಯಿತೇನೋ ಎಂದು ನೋಡಿಕೊಂಡಳು. ಕೊನೆಗೆ ಅಪ್ಪನ ದನಿ ಬಂತು, ಎಂದಿಗಿಂತ ಸಣ್ಣದಾಗಿ.

"ಹೋಗು. ಮುಖಾ ಕಾಣೂವಂಗ ನಿಂದರು. ಉಳಿದದ್ದು ಸಂಜಿಗೆ ಮಾತಾಡೂಣು."

ಸಂಜೆ ಏನಾಗುತ್ತದೋ ಎಂದುಕೊಳ್ಳುತ್ತಲೇ ಅವಳು ಹೊರಗೆ ಬಂದಳು. ಒಬ್ಬಳೇ ಅಲ್ಲ... ಇಂದುಮತಿ ಅಜ್ಜಿಯ ಕೈಹಿಡಿದು.

ಸಂಜೆ ಅಪ್ಪ ಫೋನಿನಲ್ಲಿ ಬೈದರು. ಚೆನ್ನಾಗಿಯೇ ಬೈದರು, ಆಟಕ್ಕಲ್ಲ, ಸುಳ್ಳಿಗೆ. ಬೈದು ಸುಸ್ತಾದ ಮೇಲೆ ಕೇಳಿದರು... "ಮುಂದಿನ ಮ್ಯಾಚ್ ಎಲ್ಲೈತಿ?"

ಟ್ರಂಕ್ ಹಾಸ್ಟೆಲ್ಲಿನಲ್ಲೇ ಉಳಿಯಿತು.

ಆ ಫೋಟೋ ಈಗ ಗೋಡೆಯ ಮೇಲಿದೆ. ಹುಡುಗಿಯರು ನಗುತ್ತಿದ್ದಾರೆ, ನಡುವೆ ಅಜ್ಜಿ ಬಾಯಿ ತುಂಬ ನಗುತ್ತಿದ್ದಾರೆ. ಶಿವಲೀಲಾ ಒಬ್ಬಳೇ ನಕ್ಕಿಲ್ಲ. ಅವಳ ಮುಖದಲ್ಲಿ ಅಂಜಿಕೆ ಹಾಗೇ ಕಾಣುತ್ತದೆ.

ಆದರೆ... ಮುಖ ಕಾಣುತ್ತದೆ.

*ಅಂಜಿ ಬಚ್ಚಿಟ್ಟದ್ದು ಕೊನೆಗೆ ನಮಗೇ ಸಿಗದೆ ಹೋಗಬಹುದು.*

ನಿಮ್ಮ ಮನೆಯಲ್ಲೂ ಯಾರಾದರೂ ನಿಮಗೆ ಅಂಜಿ ತಮ್ಮ ಮುಖ ಮುಚ್ಚಿಕೊಂಡಿದ್ದಾರೆಯೇ... ಒಮ್ಮೆ ಕೇಳಿ ನೋಡುತ್ತೀರಾ?