ಫಿಂಟನ್‌ನ ಅರ್ಜಿ

"ನಿನ್ನ ಪಾಸ್‌ಪೋರ್ಟನ್ನೂ ಜೇಬಲ್ಲಿ ಇಟ್ಕೋ ಮಾರಾಯ. ನನಗೊಂದು ಧೈರ್ಯ," ಎಂದ ಫಿಂಟನ್, ಕ್ಷೌರದ ಕುರ್ಚಿಯಿಂದ ಇಳಿಯುತ್ತ.

ಡೊನಾಟೊ ಕತ್ತರಿ ಒರೆಸಿಟ್ಟು ಗೊಣಗಿದ. ಬ್ರಿಟನ್ ಯೂರೋಪಿನ ಒಕ್ಕೂಟ ಬಿಟ್ಟ ಮೇಲೆ, ಅಲ್ಲೇ ಉಳಿಯಬೇಕೆನ್ನುವ ಯೂರೋಪಿನವರೆಲ್ಲ ಜೂನ್ ಮೂವತ್ತರೊಳಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕಿತ್ತು. ಇನ್ನು ನಾಲ್ಕೇ ದಿನ. ಡೊನಾಟೊ ಮಾತ್ರ ಜಪ್ಪಯ್ಯ ಎಂದರೂ ಹಾಕಿರಲಿಲ್ಲ. ಐದು ವರ್ಷದವನಿದ್ದಾಗ ಇಟಲಿಯಿಂದ ಇಂಗ್ಲೆಂಡಿನ ಬೆಡ್‌ಫರ್ಡಿಗೆ ಬಂದವನು. ಅಪ್ಪ ಇಲ್ಲಿನ ಇಟ್ಟಿಗೆ ಗೂಡಿನಲ್ಲಿ ಬೆವರು ಸುರಿಸಿದ. ಮಗನ ಕತ್ತರಿಗೆ ಊರಿನ ಅರ್ಧ ತಲೆಗಳು ಬಗ್ಗಿದವು. "ಅರವತ್ತೈದು ವರ್ಷ ಆಯ್ತು. ಈಗ ಇರ್ಲಾ, ಹೋಗ್ಲಾ ಅಂತ ಕೇಳ್ಬೇಕಾ ನಾನು?" ಹೆಂಡತಿ ಅತ್ತಿದ್ದಳು, ಮಗಳು ಜಗಳವಾಡಿದ್ದಳು. ಅವನು ಜಗ್ಗಲಿಲ್ಲ.

ಆದರೆ ಐರ್ಲೆಂಡಿನ ಈ ಫಿಂಟನ್ ಐವತ್ತೈದು ವರ್ಷದ ಗೆಳೆಯ. ಫೋನು ಒತ್ತಲು ಬರೋದಿಲ್ಲ, ನನ್ನ ಅರ್ಜಿಗೆ ಜೊತೆಗೆ ಬಾ ಎಂದು ಅಂಗಲಾಚಿದರೆ ಇಲ್ಲವೆನ್ನುವುದು ಹೇಗೆ?

ಚರ್ಚಿನ ಹಜಾರದಲ್ಲಿ ಬೆರಿಲ್ ಎಂಬಾಕೆ ಮೇಜು ಹಾಕಿಕೊಂಡು ಅರ್ಜಿ ತುಂಬಿಕೊಡುತ್ತಿದ್ದಳು. ಡೊನಾಟೊ ಗೆಳೆಯನನ್ನು ಎದುರಿಗೆ ಕೂರಿಸಿ, "ಇವನದ್ದು ಸ್ವಲ್ಪ ಬೇಗ ನೋಡಮ್ಮ, ಹೆದರಿಬಿಟ್ಟಿದ್ದಾನೆ," ಎಂದ.

ಬೆರಿಲ್ ಕನ್ನಡಕ ಏರಿಸಿದಳು. "ಅಯ್ಯೋ, ಮತ್ತೆ ಬಂದ್ರಾ? ಐರ್ಲೆಂಡಿನವರಿಗೆ ಅರ್ಜಿ ಬೇಡ, ಎರಡೂ ದೇಶದ ಮಧ್ಯೆ ಹಳೇ ಒಪ್ಪಂದ ಇದೆ, ನೀವು ಹಾಗೇ ಆರಾಮಾಗಿ ಇರಬಹುದು ಅಂತ ಮೊನ್ನೆ ಎರಡೆರಡು ಸಲ ಹೇಳಿದ್ನಲ್ಲ!"

ಡೊನಾಟೊನ ಕಿವಿ ಕೆಂಪಾಯಿತು. ಫಿಂಟನ್ ಮೆಲ್ಲಗೆ ಎದ್ದು, ಖಾಲಿಯಾದ ಕುರ್ಚಿಯ ಬೆನ್ನು ತಟ್ಟಿದ. "ಕೂತ್ಕೋ."

"ಕಳ್ಳ ನನ್ಮಗನೆ! ಎಲ್ಲಾ ಗೊತ್ತಿದ್ದೂ ನನ್ನನ್ನ ಇಲ್ಲೀವರೆಗೂ..."

"ಆಮೇಲೆ ಬೈಯುವಂತೆ. ಆಯಮ್ಮ ಊಟಕ್ಕೆ ಏಳೋ ಹೊತ್ತಾಯ್ತು. ನಿನ್ನನ್ನ ದೇಶದಿಂದಾಚೆ ಕಳಿಸಿಬಿಟ್ರೆ ನನ್ನ ತಲೆ ಯಾರ ಕೈಗೆ ಕೊಡ್ಲಿ ನಾನು?"

"ಇರೋ ಏಳು ಕೂದಲಿಗೆ ಇಷ್ಟು ಚಿಂತೆ ನೋಡು!" ಬೈಯಲು ಬಾಯಿ ತೆರೆದವನಿಗೆ ನಗು ಬಂದುಬಿಟ್ಟಿತು. ನಗುತ್ತಲೇ ಕುರ್ಚಿಗೆ ಕುಸಿದ. ಮುಖದ ಫೋಟೊ ತೆಗೆಯುವಾಗ ಬೆರಿಲ್ "ನಗಬಾರದು ಸಾರ್" ಎಂದಷ್ಟೂ ಅವನ ಹೊಟ್ಟೆ ಕುಲುಕಿತು. ನಾಲ್ಕನೆಯ ಫೋಟೊ ಹೇಗೋ ನೆಟ್ಟಗೆ ಬಂತು, ಅರ್ಜಿ ಹೋಯಿತು.

ಬೀದಿಗಿಳಿದ ಮೇಲೆ ಡೊನಾಟೊ ಕೇಳಿದ: "ಬಾಯಿಬಿಟ್ಟು ಹೇಳಿದ್ರೆ ಆಗ್ತಿರಲಿಲ್ವಾ? ಇಷ್ಟೆಲ್ಲ ನಾಟಕ ಯಾಕೋ?"

"ಹೇಳಿದ್ರೆ ನೀನೆಲ್ಲಿ ಕೇಳ್ತೀಯ?" ಎಂದ ಫಿಂಟನ್. "ನಾನು ಈ ಊರಿಗೆ ಬಂದಾಗ ಕಿಟಕಿ ಕಿಟಕಿಗೂ 'ಐರಿಷರಿಗೆ ಕೋಣೆ ಇಲ್ಲ' ಅಂತ ಬೋರ್ಡು. ಬಾಗಿಲು ತೆಗೆದದ್ದು ನಿಮ್ಮಮ್ಮ ಒಬ್ಬಳೇ. ಅವತ್ತು ನನ್ನ ಹತ್ರ ಯಾವ ಕಾಗದ ಕೇಳಿದ್ಲು ಹೇಳು?"

ಡೊನಾಟೊ ನಿಂತು ನೆನಪಿಸಿಕೊಂಡ.

"ಕಾಗದ ಕೇಳ್ಲಿಲ್ಲ ಕಣೋ. ಆ ಕೆಸರು ಬೂಟು ಹೊರಗೆ ಬಿಟ್ಟು ಬಾ ಅಂದಿದ್ಲು."