ಒಲೆ ಇಲ್ಲದ ಕೋಣೆ

“ಒಲಿ ಎಲ್ಲೈತಿ?”

ಚಪ್ಪಲಿ ಬಿಡುವ ಮೊದಲೇ ಅಪ್ಪಾಸಾಬ ಕೇಳಿದ. ಮಗಳ ಕೋಣೆಯಲ್ಲಿ ಎರಡು ಚಾಪೆ, ಎರಡು ಟ್ರಂಕು, ಗೂಡಿನಲ್ಲಿ ಪುಸ್ತಕಗಳು. ಕಿಟಕಿಯ ಸರಳಿಗೆ ಒದ್ದೆ ಬಟ್ಟೆಯ ಗಂಟೊಂದು ತೂಗುತ್ತಿತ್ತು. ಒಲೆ ಮಾತ್ರ ಎಲ್ಲೂ ಕಾಣಲಿಲ್ಲ. ಸಿಂದಗಿಯ ಆ ಮನೆಯೊಡತಿ ಹುಡುಗಿಯರಿಗೆ ಕೋಣೆ ಕೊಡುವಾಗಲೇ, ಗ್ಯಾಸು, ಸ್ಟೋವು ಯಾವುದೂ ಒಳಗೆ ಬರಕೂಡದೆಂದು ಹೇಳಿದ್ದಳು.

“ಇಲ್ಲಪ್ಪಾ” ಎಂದಳು ಸಾಕ್ಷಿ.

“ಒಲಿ ಇಲ್ಲಂದ್ರ ಅನ್ನ ಎಲ್ಲಿಂದ? ಅನ್ನ ಇಲ್ಲಂದ್ರ ರಕ್ತ ಎಲ್ಲಿಂದ? ಬಟ್ಟಿ ತುಂಬ್ಕೊ. ಐದರ ಬಸ್ಸಿಗೆ ಹೋಗೂಣು.”

ಕಾಲೇಜಿನಲ್ಲಿ ಹೊಸಬರ ರಕ್ತ ತಪಾಸಣೆ ನಡೆದಿತ್ತು. ಸಾಕ್ಷಿಗೆ ರಕ್ತ ಬಹಳ ಕಡಿಮೆ ಎಂದು ಬಂದಿತ್ತು. ಅದನ್ನು ಅವಳು ಫೋನಿನಲ್ಲಿ ಅವ್ವನಿಗೆ ಹೇಳಿದ್ದೇ ತಡ, ದೇವಣಗಾಂವದಿಂದ ಅಪ್ಪ ಬಂದಿದ್ದ. ಈಗ ಊರಿಗೆ ಹೋದರೆ ಮತ್ತೆ ಕಾಲೇಜಿಗೆ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅಕ್ಕನೂ ಜ್ವರವೆಂದು ಹಾಸ್ಟೆಲಿನಿಂದ ಊರಿಗೆ ಹೋಗಿದ್ದಳು. ಜ್ವರ ಬಿಡುವುದರೊಳಗೆ ಮದುವೆ ಗೊತ್ತಾಗಿತ್ತು.

“ಉಂಡು ಹೋಗೂಣು ಅಪ್ಪಾ. ನಾ ಏನ್ ಉಣ್ತೇನಿ ಅನ್ನೂದರ ಒಮ್ಮೆ ನೋಡು.”

ಗಂಟು ಬಿಚ್ಚಿದಳು. ಮಡಕಿ ಕಾಳು ಮೊಳಕೆಯೊಡೆದು ಬಟ್ಟೆಯ ನೇಯ್ಗೆಗೆ ಹಲ್ಲು ಕಚ್ಚಿದ್ದವು. ಅವನ್ನು ಬಿಡಿಸಿ ಬೋಗುಣಿಗೆ ಹಾಕಿ, ಹಸಿ ಮೆಂತ್ಯದ ಎಲೆ, ಹೆಚ್ಚಿದ ಉಳ್ಳಾಗಡ್ಡಿ, ಶೇಂಗಾ ಚಟ್ನಿಪುಡಿ ಬೆರೆಸಿ ಲಿಂಬೆ ಹಿಂಡಿದಳು. ಊರಿನಿಂದ ತಂದ ಖಡಕ್ ರೊಟ್ಟಿ ಮುರಿದಿಟ್ಟು, ಮೇಲೆ ಗಟ್ಟಿ ಮೊಸರು ಸುರಿದಳು. ಇದನ್ನೆಲ್ಲ ಅವಳಿಗೆ ಕಲಿಸಿದವಳು ಮುಬಿನ. ಎರಡನೆಯ ವರ್ಷದವಳು, ಕೋಣೆಯ ಇನ್ನೊಂದು ಚಾಪೆ ಅವಳದು. ಅಷ್ಟರಲ್ಲಿ ಅವಳು ನೀರಿನ ಕೊಡ ಹೊತ್ತು ಒಳಗೆ ಬಂದಳು.

“ಬಂದ್ರೆನ್ರಿ ಕಾಕಾ? ಆರಾಮ?”

ಅಪ್ಪಾಸಾಬ ಮೂಲೆಯಲ್ಲಿದ್ದ ಕರೆಂಟಿನ ಕೆಟಲ್ ತೋರಿಸಿದ. “ಇದರಾಗ ಅನ್ನ ಆಗೂದಿಲ್ಲೇನ?”

“ನೀರು ಕಾಯ್ತಾವು, ಅಷ್ಟರೀ. ಒಮ್ಮೆ ಶ್ಯಾವಿಗಿ ಕುದಿಸಾಕ ಹೋಗಿ ಓಣಿ ತುಂಬಾ ಕರೆಂಟ್ ತಗಿಸಿದ್ದೆ.”

ಅವನು ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದ.

“ಒಗ್ಗರಣಿ ಇಲ್ಲ, ಕುದ್ದಿದ್ದಿಲ್ಲ. ಎತ್ತು ತಿಂದಂಗ ತಿನ್ನಬೇಕು.”

“ಅದಕ್ಕs ಎತ್ತಿಗೆ ರಕ್ತ ಕಡಿಮಿ ಇಲ್ರಿ ಕಾಕಾ.”

ಅಪ್ಪಾಸಾಬ ಮೀಸೆಯೊಳಗೇ ನಕ್ಕ. ಎರಡನೆಯ ತುತ್ತು ಬೇಗ ಹೋಯಿತು. ಸಾಕ್ಷಿ ಗೋಡೆಗೆ ಒರಗಿ ನಿಂತಿದ್ದಳು. ತಾಟು ಖಾಲಿಯಾದಾಗಲೆಲ್ಲ ಬಗ್ಗಿ ಬಡಿಸುತ್ತಿದ್ದಳು. ಇನ್ನಷ್ಟು ಕಾಳು, ಇನ್ನೊಂದು ರೊಟ್ಟಿ, ತಳದ ಮೊಸರು. ಅವನು ತಾಟಿನಲ್ಲೇ ಕೈ ತೊಳೆದ.

“ಅಡ್ಡಿಯಿಲ್ಲ, ಚೊಲೋ ಐತಿ. ಈಗ ನೀ ಉಣ್ಣು. ಬಸ್ಸಿಗೆ ಹೊತ್ತಾತು.”

ಮುಬಿನ ಖಾಲಿ ಬೋಗುಣಿಯನ್ನು ಅವನ ಕಡೆ ವಾಲಿಸಿದಳು. “ಏನ್ ಉಣ್ತಾಳ್ರಿ? ಅದು ಆಕೀ ಊಟ. ಮುಂಜಾನಿಂದ ಕ್ಲಾಸ್ ಇತ್ತು, ಇನ್ನಾ ಉಂಡಿಲ್ಲ.”

“ಹೇಳಬಾರ್ದೇನ ಮತ್ತ?” ಎಂದು ಅವನು ಮಗಳನ್ನು ನೋಡಿದ.

“ನೀ ಉಣ್ಣಾಕತ್ತಿದ್ದೆಲ್ಲಪ್ಪಾ” ಎಂದಳು ಸಾಕ್ಷಿ. ಅದರಲ್ಲಿ ಹೇಳುವಂಥದ್ದೇನಿದೆ ಎಂಬುದು ಅವಳಿಗೆ ತಿಳಿಯಲಿಲ್ಲ.

“ಇರ್ಲಿ ಬಿಡು. ಮನ್ಯಾಗ ಉಂಡ್ರಾತು. ಅಲ್ಲಿ ಒಲಿ ಐತಿ.”

“ಸಿಟ್ಟಾಗಬ್ಯಾಡ್ರಿ ಕಾಕಾ” ಎಂದಳು ಮುಬಿನ. “ಆಕಿ ಇಲ್ಲಿಗೆ ಬಂದು ಎರಡು ವಾರ ಆಗಿಲ್ಲ. ಇಷ್ಟು ಲಗೂ ರಕ್ತ ಇಳಿಯೂದಿಲ್ಲಂತ, ತಪಾಸಣಿಗೆ ಬಂದ ಡಾಕ್ಟರ್ ಬಾಯೇರು ಹೇಳ್ಯಾರ. ಕಡಿಮಿ ಆಗಿದ್ದು ಒಲಿ ಇದ್ದಲ್ಲೇ.”

ಅಪ್ಪಾಸಾಬನ ಮುಖ ಬಿಗಿಯಿತು. “ನನ್ನ ಮನ್ಯಾಗ ಏನ್ ಕಡಿಮಿ ಐತಿ? ಎಮ್ಮಿ ಹಿಂಡತೈತಿ. ತೊಗರಿ ಐತಿ, ಹೊಲದಾಗ ಕಾಯಿಪಲ್ಲೆ ಐತಿ. ಹೇಳು ಸಾಕ್ಷಿ, ಏನ್ ಕಡಿಮಿ ಆಗೇತಿ ನಿನಗ?”

“ಏನೂ ಕಡಿಮಿ ಇಲ್ಲಪ್ಪಾ, ಎಲ್ಲಾ ಐತಿ. ನೀನು, ಅಣ್ಣಗೋಳು ಉಂಡ ಮ್ಯಾಲೆ ನಾವು ಉಣ್ತಿದ್ವಿ.”

“ಉಣ್ತಿದ್ರೆಲ್ಲಾ?”

“ಉಣ್ತಿದ್ವಿ. ರೊಟ್ಟಿ ಇರ್ತಿತ್ತು. ಬ್ಯಾಳಿ ತಳಕ್ಕ ಒಂದೀಟು ಇರ್ತಿತ್ತು, ಅವ್ವ ನೀರು ಹಾಕ್ತಿದ್ದಳು.” ಕಾಳಿನ ಬಟ್ಟೆ ಮಡಚುತ್ತ ಹೇಳಿದಳು, “ಹಸಿವಾದ ಹೊತ್ತಿಗೆ ಉಂಡಿದ್ದು ಇಲ್ಲಿ ಬಂದ ಮ್ಯಾಲೇ ಅಪ್ಪಾ.”

ದೂರುವ ದನಿಯಾಗಿರಲಿಲ್ಲ. ಊರಿನ ಮಳೆ ಬಿಸಿಲಿನ ಸುದ್ದಿ ಹೇಳಿದಂತೆ ಹೇಳಿದ್ದಳು. ಮುಬಿನ ಅಂಗಡಿಯಿಂದ ಏನಾದರೂ ತರುತ್ತೇನೆಂದು ಹೊರಗೆ ಹೋದಳು. ಅಪ್ಪಾಸಾಬ ಕೈ ತೊಳೆದ ತಾಟನ್ನೇ ನೋಡುತ್ತ ಕೂತ. ನೀರಿನಲ್ಲಿ ಒಂದು ಮೊಳಕೆ ತೇಲುತ್ತಿತ್ತು.

ಅವನ ಫೋನು ರಿಂಗಾಯಿತು. ಹೆಂಡತಿ ಸಾವಂತ್ರವ್ವ.

“ಹೊಂಟ್ರೆನ್ರಿ? ಹುಡುಗಿ ಹೆಂಗದಾಳ?”

“ಅದಾಳ. ನಾ ಒಬ್ಬನs ಬರ್ತೇನಿ. ಆಕಿ ಇಲ್ಲೇ ಇರ್ಲಿ.” ಫೋನು ಇಡಲು ಹೋದವನು ಮತ್ತೆ ಕಿವಿಗೆ ಹಚ್ಚಿಕೊಂಡ. “ನೀ ಉಂಡೀ?”

“ಆಂ? ಏನಂದ್ರಿ?” ಎಂದಳು ಅವಳು. ಲೈನು ಸರಿಯಿಲ್ಲವೆಂದುಕೊಂಡು ಅವನು ದನಿ ಏರಿಸಿದ. “ಕೇಳಾಕತ್ತೈತೇನ? ಉಂಡೀಯೇನ ಅಂದೆ.”

“ಇದೇನ್ ಇಂಥಾದ್ ಕೇಳ್ತೀರಿ?” ಎಂದಳು ಸಾವಂತ್ರವ್ವ. “ನೀವು ಇನ್ನಾ ಬಂದಿಲ್ಲಲ್ರಿ.”