ಆಸ್ಲಾಕನ ದೋಣಿಗೆ ಬಂದ ನೆಂಟರು

ಬಲೆ ಅರ್ಧ ಮೇಲೆ ಬಂದಿತ್ತು. ಅಷ್ಟರಲ್ಲಿ ರಾಗ್ನಿಯ ದೋಣಿಯ ಕಂಪ್ಯೂಟರ್ ಪರದೆ ಕಿರುಚಿಕೊಂಡಿತು. ಎರಡು ಮೈಲಿ ಆಚೆ ಆಸ್ಲಾಕನ ದೋಣಿಯ ಎಂಜಿನ್ ಕೋಣೆಯಲ್ಲಿ ಮೊಣಕಾಲುದ್ದ ನೀರು, ಎಂಜಿನ್ ನಿಂತಿದೆ, ದೋಣಿ ಬಂಡೆಗಳ ಕಡೆ ತೇಲುತ್ತಿದೆ.

ಲೋಫೋಟೆನ್ ದ್ವೀಪಗಳ ಮೀನುದೋಣಿಗಳಿಗೆ ಆ ವರ್ಷವಷ್ಟೇ ಸಂವೇದಕಗಳನ್ನು ಕೂರಿಸಿದ್ದರು. ಒಂದು ದೋಣಿಗೆ ಏನಾದರೂ ಆದರೆ ಸುತ್ತಲಿನವಕ್ಕೆ ತಾನಾಗಿ ಸುದ್ದಿ ಮುಟ್ಟುತ್ತಿತ್ತು. ಎಪ್ಪತ್ತು ದಾಟಿದ ಆಸ್ಲಾಕ್ ಮಾತ್ರ ಅದನ್ನು ಚಾಡಿಪೆಟ್ಟಿಗೆ ಎಂದು ಬೈಯುತ್ತಿದ್ದ.

ರಾಗ್ನಿ ರೇಡಿಯೊ ಎತ್ತಿಕೊಂಡಳು. "ಆಸ್ಲಾಕ್, ಏನ್ ಮಾಡ್ತಿದ್ದೀಯ?"

"ಸುಮ್ನೆ ನಿಲ್ಸಿದ್ದೀನಿ. ಬಿಸಿಲು ಕಾಯಿಸ್ತಿದ್ದೀನಿ."

ಹೊರಗೆ ಹಿಮ ಸುರಿಯುತ್ತಿತ್ತು.

"ಎಂಜಿನ್ ಕೋಣೇಲಿ ಈಜು ಬೇರೆ ಹೊಡೀತಿದ್ದೀಯಂತೆ?"

"ಹೇಳ್ಬಿಡ್ತಾ ಆ ಚಾಡಿಪೆಟ್ಟಿಗೆ! ನೋಡು ಹುಡುಗಿ, ಐವತ್ತೈದು ವರ್ಷ ಯಾರನ್ನೂ ಕರೀದೆ ಮೀನು ಹಿಡಿದಿದ್ದೀನಿ. ನೀನು ನಿನ್ನ ಬಲೆ ನೋಡ್ಕೋ."

ಮಾತಿನ ನಡುವೆ ಏದುಸಿರು ಕೇಳಿಸಿತು. ಮುದುಕ ಬಕೆಟ್ಟಿನಲ್ಲಿ ನೀರು ಎತ್ತಿಹಾಕುತ್ತಿದ್ದ. ಐವತ್ತರ 'ಹುಡುಗಿ' ಬಲೆಯನ್ನು, ಅದರಲ್ಲಿದ್ದ ಮೀನಿನ ಸಮೇತ, ಗುರುತಿಗೆ ಬೆಂಡು ಕಟ್ಟಿ ಸಮುದ್ರಕ್ಕೇ ಬಿಟ್ಟು ದೋಣಿ ತಿರುಗಿಸಿದಳು.

ಅವಳು ಮುಟ್ಟುವ ಹೊತ್ತಿಗೆ ಬಂಡೆಗಳು ಕಲ್ಲೆಸೆತದ ದೂರದಲ್ಲಿದ್ದವು. ಹಗ್ಗ ಎಸೆದಳು.

"ನಾನೇನು ಕರೆದಿದ್ನಾ?" ಆಸ್ಲಾಕ್ ಕೂಗಿದ.

"ನೀನು ಕರೀಲಿಲ್ಲ ಮಾರಾಯ, ನಿನ್ನ ದೋಣಿ ಕರೀತು. ನಿನಗಿಂತ ಅದಕ್ಕೇ ಬುದ್ಧಿ ಜಾಸ್ತಿ. ಹಿಡೀತೀಯೋ ಇಲ್ವೋ?"

ಅವನು ಒಮ್ಮೆ ಹಿಂತಿರುಗಿ ನೋಡಿದ. ಬಂಡೆಗಳ ನೊರೆ ಅಷ್ಟು ಹತ್ತಿರ ಬಂದಿರುವುದು ಅವನಿಗೆ ಗೊತ್ತೇ ಇರಲಿಲ್ಲ. ಹಗ್ಗ ಹಿಡಿದು ದೋಣಿಯ ಮೂತಿಗೆ ಬಿಗಿದ.

ಅವನನ್ನು ಬಂಡೆಗಳಿಂದ ದೂರ ಎಳೆದು ತಂದು ರಾಗ್ನಿ ತನ್ನ ಪಂಪಿನ ಕೊಳವೆಯನ್ನು ಅವನ ಎಂಜಿನ್ ಕೋಣೆಗೆ ಇಳಿಬಿಟ್ಟಳು. ಅಷ್ಟರಲ್ಲಿ ಹಿಮದೊಳಗಿಂದ ಒಂದು ದೋಣಿ ಬಂತು. ಹಿಂದೆಯೇ ಇನ್ನೊಂದು, ಮತ್ತೊಂದು. ಅವರ ಪರದೆಗಳೂ ಕಿರುಚಿಕೊಂಡಿದ್ದವು. ಒಬ್ಬ ಇನ್ನೊಂದು ಪಂಪು ತಂದಿದ್ದ, ಒಬ್ಬ ಎಂಜಿನ್ನಿನ ಕೊಳವೆ ಒಡೆದಿದ್ದರೆ ಸುತ್ತಲು ರಬ್ಬರ್ ಪಟ್ಟಿ. ಮೂರನೆಯವನು ಏನು ಬೇಕಾದೀತೆಂದು ತಿಳಿಯದೆ ಹೆಂಡತಿ ಕಟ್ಟಿಕೊಟ್ಟ ಮೀನಿನ ವಡೆಯ ಡಬ್ಬಿಯನ್ನೇ ಹಿಡಿದುಕೊಂಡು ಬಂದಿದ್ದ.

"ಏನಿದು, ನನ್ನ ಮದುವೇನಾ?" ಆಸ್ಲಾಕ್ ಗದರಿದ.

"ಹೆಣ್ಣು ಸಿಗ್ಲಿಲ್ಲ, ಊಟ ಮಾತ್ರ ತಂದ್ವಿ," ಎಂದ ಡಬ್ಬಿಯವನು.

ಎಲ್ಲರೂ ನಕ್ಕರು. ಸೋರಿಕೆ ನಿಂತು ನೀರು ಇಳಿದ ಮೇಲೂ ಒಬ್ಬನೂ ಹೊರಡಲಿಲ್ಲ. ಮುದುಕ ಒಳಗೆ ಹೋಗಿ ಕಾಫಿಗೆ ಇಟ್ಟ.

ಅವನ ದೋಣಿಯಲ್ಲಿದ್ದದ್ದು ಒಂದೇ ಲೋಟ. ಸುರಿಯುವ ಹಿಮದಲ್ಲಿ ಹಬೆಯಾಡುತ್ತ ಅದು ಒಂದು ದೋಣಿಯಿಂದ ಇನ್ನೊಂದಕ್ಕೆ ಕೈದಾಟಿ, ಕೊನೆಗೆ ಬರಿದಾಗಿ ಅವನಿಗೇ ವಾಪಸು ಬಂತು. ಅವನು ಅದನ್ನು ಮತ್ತೆ ತುಂಬಿಸಿದ.